ಹದಿಮೂರನೇ ತಿಂಗಳು

ಮೂರನೇ ರೊಟ್ಟಿ ಬಡಿಯುತ್ತಿದ್ದ ಸುರೇಖಾಳ ಕೈ ಗಂಡನ ಮಾತಿಗೆ ಅರ್ಧಕ್ಕೇ ನಿಂತಿತು.

"ಮೂರ ಮಂದಿಗಷ್ಟ ಬಡಿ. ಹಿಟ್ಟ ಎಷ್ಟ ನಾದೀದಿ ಅಂತ ಅವರು ನೋಡಾಕತ್ತಾರ."

ಒಲೆಯ ಉರಿ ಸರಿಮಾಡುವವನ ಹಾಗೆ ಬಾಗಿ, ಮುತ್ತು ಅವಳಿಗಷ್ಟೇ ಕೇಳುವಂತೆ ಇದನ್ನು ಹೇಳಿದ. ಹತ್ತು ಹೆಜ್ಜೆ ಆಚೆ, ಕ್ರೂಸರ್ ಗಾಡಿಯ ಇನ್ನೊಂದು ಮಗ್ಗುಲಲ್ಲಿ ಅವನ ಅಣ್ಣ ಸಂಗುವಿನ ಒಲೆ ಉರಿಯುತ್ತಿತ್ತು. ಅಲ್ಲಿ ಸಂಗುವಿನ ಹೆಂಡತಿ ಭೌರಮ್ಮ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಳು. ಕೈ ಬಾಣಲೆಯಲ್ಲಿ, ಕಣ್ಣು ಇತ್ತ ಕಡೆ.

ಅವರು ಇಂಡಿ ಬಿಟ್ಟು ಅಂದಿಗೆ ಆರನೇ ದಿನ. ಮನಾಲಿ ದಾಟಿ, ಉದ್ದನೆಯ ಸುರಂಗ ಹೊಕ್ಕು ಹೊರಬಿದ್ದರೆ ಸಿಸ್ಸು ಎಂಬ ಊರು. ಅವರು ಇಳಿದುಕೊಂಡಿದ್ದ ಮನೆಯ ಅಂಗಳದ ಕೆಳಗೇ ಸರೋವರ, ಅದರಾಚೆ ಎದೆಯವರೆಗೆ ಹಿಮ ಹೊದ್ದ ಗುಡ್ಡ. ಇಂಡಿಯಲ್ಲಿ ಈ ಹೊತ್ತಿಗೆ ನಿಂಬೆ ತೋಟಕ್ಕೆ ಹೋದವರು ಬಿಸಿಲಿಗೆ ತಲೆಗೆ ಟವೆಲು ಸುತ್ತಿರುತ್ತಾರೆ. ಇಲ್ಲಿ ಬಕೆಟ್ಟಿನ ನೀರು ಮುಟ್ಟಿದರೆ ಬೆರಳು ಸೆಟೆಯುತ್ತಿತ್ತು. ಅಷ್ಟು ಎತ್ತರದ ಜಾಗದಲ್ಲಿ ರೊಟ್ಟಿಗೆ ಎಸರಿಟ್ಟ ನೀರಿನದೂ ಬೇರೆಯೇ ರೀತಿ. ಗುಳುಗುಳು ಕುದಿಯುತ್ತಿತ್ತು, ಆದರೆ ಊರಿನ ಎಸರಿನ ಕಾವು ಅದಕ್ಕಿರಲಿಲ್ಲ. ಜೋಳದ ಹಿಟ್ಟು ಜಿಗಿ ಹಿಡಿಯದೆ, ಬಡಿದಂತೆಲ್ಲ ಅಂಚು ಸೀಳುತ್ತಿತ್ತು. ಸುರೇಖಾ ಸೀಳಿದ ಕಡೆ ಒದ್ದೆ ಬೆರಳೊತ್ತಿ ಕೂಡಿಸುತ್ತಿದ್ದಳು.

ಮಾವ ಅಮಸಿದ್ದ ತೀರಿಕೊಂಡ ವರ್ಷವೇ ಮನೆ ಪಾಲಾಗಿತ್ತು. ಹೊಲ ಪಾಲಾಯಿತು, ಕುರಿ ಪಾಲಾದವು, ಒಲೆ ಬೇರೆಯಾಯಿತು. ಉಳಿದವಳು ಅತ್ತೆ ಶೇವಂತೆವ್ವ. ಹಿರಿಯರು ಕೂತು ಅವಳಿಗೆ ತಿಂಗಳ ಪಾಳಿ ಹಚ್ಚಿದರು. ಚೈತ್ರ ಸಂಗುವಿನ ಮನೆ, ವೈಶಾಖ ಮುತ್ತುವಿನ ಮನೆ, ಜ್ಯೇಷ್ಠ ಮತ್ತೆ ಸಂಗುವಿನ ಮನೆ. ಹೀಗೆ ಹನ್ನೆರಡೂ ಹೆಸರು ಕಾಗದದ ಮೇಲೆ ಬಂದವು. ಈ ವರ್ಷ ವೈಶಾಖ ಮುಗಿದ ಮೇಲೆ ಅಧಿಕ ಜ್ಯೇಷ್ಠ ಬಂದು, ಅದಾದ ಮೇಲೆ ನಿಜ ಜ್ಯೇಷ್ಠ ಬರುತ್ತದೆ ಎಂಬುದು ಪಾಳಿ ಹಚ್ಚಿದ ಹಿರಿಯರಿಗೂ ಹೊಳೆದಿರಲಿಲ್ಲ, ಪ್ರವಾಸಕ್ಕೆ ದಿನ ಹಿಡಿದ ಮಕ್ಕಳಿಗೂ ಹೊಳೆದಿರಲಿಲ್ಲ.

ಹಿಮದ ಗುಡ್ಡದ ಕೆಳಗೆ ಕುರಿ ಮೇಯುವುದನ್ನು ಸಾಯುವುದರೊಳಗೆ ಒಮ್ಮೆ ನೋಡಬೇಕು ಎಂದು ಅಂದವಳು ಶೇವಂತೆವ್ವನೇ. ಅವ್ವನನ್ನು ಅಷ್ಟು ದೂರ ಕರೆದೊಯ್ದ ಮಗ ಎಂದು ಊರಲ್ಲಿ ಅನ್ನಿಸಿಕೊಳ್ಳುವ ಆಸೆ ಇಬ್ಬರಿಗೂ ಇತ್ತು. ಆ ಹೆಸರನ್ನು ಇನ್ನೊಬ್ಬನಿಗೆ ಬಿಟ್ಟುಕೊಡುವ ಮನಸ್ಸು ಇಬ್ಬರಿಗೂ ಇರಲಿಲ್ಲ. ಹೀಗಾಗಿ ಮೋರಟಗಿಯ ಯುನೂಸನ ಕ್ರೂಸರಿನಲ್ಲಿ ಎರಡು ಸಂಸಾರ, ಎರಡು ಸಿಲಿಂಡರು, ಎರಡು ಹಿಟ್ಟಿನ ಡಬ್ಬಿ ಕೂತವು. "ಎರಡ ಒಲಿ, ಒಂದ ಮುದುಕಿ. ಇಂಥಾ ಲೋಡ ನಾ ಹಿಂದ ಹೊತ್ತಿಲ್ರಿ," ಎಂದು ಯುನೂಸ ಸೋಲಾಪುರ ದಾಟುವಾಗಲೇ ಅಂದಿದ್ದ. ಯಾರೂ ನಕ್ಕಿರಲಿಲ್ಲ.

ಅಮಾವಾಸ್ಯೆಯವರೆಗೆ ಅತ್ತೆ ಸುರೇಖಾಳ ಒಲೆಯ ಮುಂದೆ ಉಂಡಳು. ಮರುದಿನ, ಅಂದರೆ ನಿನ್ನೆ, ಘಾಟಿನ ತಿರುವಿನಲ್ಲಿ ಗಾಡಿ ನಿಲ್ಲಿಸಿದಾಗ ಮುತ್ತು ಅವ್ವನ ತಾಟನ್ನು ಒಯ್ದು ಅಣ್ಣನ ಒಲೆಯ ಹತ್ತಿರ ಇಟ್ಟು ಬಂದ. ಸಂಗು ಅದನ್ನು ತಂದು ಇತ್ತ ಇಟ್ಟ. ತನ್ನ ಪಾಳಿ ನಿಜ ಜ್ಯೇಷ್ಠದ್ದು, ಅಧಿಕ ತಿಂಗಳು ವೈಶಾಖದ ಬಾಲ ಎಂಬುದು ಅವನ ಮಾತು. ಅಧಿಕವಾದರೂ ಹೆಸರು ಜ್ಯೇಷ್ಠವೇ ಎಂಬುದು ಇವನ ಮಾತು. ಸಂಗು ಮೊಬೈಲಿನಲ್ಲಿ ಪಂಚಾಂಗದ ಫೋಟೋ ತೆಗೆದು ತೋರಿಸಿದ, ಮುತ್ತು ನೋಡಲಿಲ್ಲ. ತಾಟು ಮೂರು ಸಲ ಅತ್ತಿಂದಿತ್ತ ಓಡಾಡಿ, ಕೊನೆಗೆ ಗಾಡಿಯ ಎರಡು ಗಾಲಿಗಳ ನಡುವೆ ಬಿತ್ತು. ಆಗ ಶೇವಂತೆವ್ವ ಎದ್ದುಬಂದು ಅದನ್ನೆತ್ತಿ, ಉಣ್ಣದ ತಾಟನ್ನೇ ತೊಳೆದು ತನ್ನ ಚೀಲಕ್ಕೆ ಹಾಕಿಕೊಂಡಳು.

"ಅಧಿಕ ಮಾಸದ ಉಪವಾಸ ಹಿಡಿದೇನಿ. ನನ್ನ ಗೊಡವಿ ಬಿಡ್ರಿ," ಅಂದಳು.

ಇಬ್ಬರು ಮಕ್ಕಳೂ ಒಮ್ಮೆಲೇ ತಣ್ಣಗಾದರು. ಆ ತಣ್ಣಗಾದದ್ದನ್ನು ಸುರೇಖಾ ನೋಡಿದಳು. ಅವಳ ಒಂಬತ್ತು ವರ್ಷದ ಮಗಳು ಕಾವೇರಿಯೂ ನೋಡಿದಳು. ಗಾಡಿ ಹೊರಟ ಮೇಲೆ ಕಾವೇರಿ ಬಾಯಿ ತೆರೆದಾಗಲೆಲ್ಲ ಸುರೇಖಾ ಅವಳ ಕೈಗೊಂದು ಬಿಸ್ಕಿಟು ಕೊಟ್ಟಳು. ಹುಡುಗಿ ಅದನ್ನು ಅಜ್ಜಿಯ ಮುಂದೆ ಹಿಡಿದರೆ ಆಯಿ ತಲೆಯಲ್ಲಾಡಿಸಿ ಕಿಟಕಿಯ ಕಡೆ ತಿರುಗಿದಳು. ಸಂಜೆ ಯುನೂಸ ಮುದುಕಿಗೆ ಒಂದು ಕಪ್ ಚಹಾ ತಂದುಕೊಟ್ಟ. ಚಹಾ ಉಪವಾಸಕ್ಕೆ ನಡೆಯುತ್ತದೆ ಎಂದು ಅದನ್ನಷ್ಟು ಕುಡಿದಳು.

ಈಗ ಅವಳು ಅಂಗಳದ ಗೋಡೆಯ ಮೇಲೆ, ಕಂಬಳಿ ಹೊದ್ದು, ಎರಡೂ ಒಲೆಗೆ ಬೆನ್ನು ಮಾಡಿ ಕೂತಿದ್ದಳು. ಕೆಳಗೆ ಸರೋವರದ ದಂಡೆಯಲ್ಲಿ ಇಪ್ಪತ್ತು ಮೂವತ್ತು ಕುರಿ ಮೇಯುತ್ತಿದ್ದವು. ಅವುಗಳನ್ನು ಬಿಟ್ಟುಕೊಂಡು ಬಂದ ಮುದುಕನನ್ನು ಬೆಳಿಗ್ಗೆ ಅವಳು ಕನ್ನಡದಲ್ಲೇ ಮಾತಾಡಿಸಿದ್ದಳು. ಉಣ್ಣೆ ವರ್ಷಕ್ಕೆ ಎಷ್ಟು ಸಲ ಕತ್ತರಿಸುತ್ತೀರಿ ಎಂದು ಕೇಳಿದ್ದಕ್ಕೆ, ಆತ ತನ್ನ ಭಾಷೆಯಲ್ಲಿ ಏನೋ ಹೇಳಿ ಎರಡು ಬೆರಳು ತೋರಿಸಿದ್ದ. ಊರು ಬಿಟ್ಟ ಮೇಲೆ ಅವಳು ನಕ್ಕದ್ದು ಆಗ ಮಾತ್ರ.

ಮೂರನೇ ರೊಟ್ಟಿ ಹಂಚಿನಿಂದ ಇಳಿಯಿತು. ಪರಾತದಲ್ಲಿ ಇನ್ನೊಂದು ಮುಟಿಗೆ ಹಿಟ್ಟು ಉಳಿದಿತ್ತು. ಸುರೇಖಾ ಗಂಡನ ಕಡೆ ನೋಡಿದಳು. ಅವನು ಮುಖ ತೊಳೆಯಲು ನಲ್ಲಿಯ ಕಡೆ ಹೋಗಿದ್ದ. ಒಂದು ರೊಟ್ಟಿ. ಕಂಬಳಿಯ ಮರೆಯಲ್ಲಿ ಅತ್ತೆಯ ಉಡಿಗೆ ಹಾಕಿದರೆ ಯಾರಿಗೆ ಗೊತ್ತಾದೀತು? ಅವಳು ಲಗುಬಗೆಯಿಂದ ಬಡಿದಳು. ಅವಸರಕ್ಕೆ ಅಂಚು ನಾಲ್ಕು ಕಡೆ ಸೀಳಿತು. ಹಾಗೇ ಹಂಚಿಗೆ ಹಾಕಿದಳು.

"ಸುರೇಖಾ ನಾಕನೇದು ಹಾಕಿದ್ಲು ನೋಡ್ರಿ," ಎಂದು ಭೌರಮ್ಮ ಗಂಡನಿಗೆ ಕೂಗಿ ಹೇಳಿದಳು. "ಇನ್ನ ನಿಮಗೇನ ಚಿಂತಿ ಇಲ್ಲ. ತಿಂಗಳ ಯಾರದಂತ ಒಲಿನ ಹೇಳ್ತು."

ಸಂಗು ಹಲ್ಲುಜ್ಜುತ್ತಿದ್ದವನು ಹಾಗೇ ಬಂದು ಗಾಡಿಗೆ ಆತು ನಿಂತ. "ಛಲೋ ಆತು. ಯುನೂಸಾ, ನೀ ಸಾಕ್ಷಿ. ಅಧಿಕ ಮಾಸ ಮುತ್ತೂನ ಪಾಲಿಗೆ ಬಂತು. ಇನ್ನ ಮೂರ ವರ್ಷಕ್ಕ ಬಂದ್ರೂ ಅವಂದ."

"ನನ್ನ ಯಾಕ ಎಳಿತೀರಿ? ನನಗ ಗಾಡಿ ಹೊಡಿಯಾಕ ಕರ್ದೀರಿ," ಅಂದ ಯುನೂಸ, ಗಾಡಿಯ ಗಾಜು ಒರೆಸುವುದನ್ನು ಬಿಡದೆ.

ಮುತ್ತು ಒದ್ದೆ ಮುಖದಲ್ಲೇ ಓಡಿಬಂದ. ಅವನು ಹೆಂಡತಿಯನ್ನು ಬೈಯಲಿಲ್ಲ, ಕೈ ಎತ್ತಲಿಲ್ಲ. ಒಲೆಯ ಮುಂದೆ ನಿಂತು, ಅಣ್ಣನಿಗೆ ಕೇಳುವ ಹಾಗೆ ಒಂದೇ ಮಾತು ಕೇಳಿದ.

"ಆ ರೊಟ್ಟಿ ಯಾರಿಗೆ ಬಡದಿ?"

ಸುರೇಖಾ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಉಬ್ಬಬೇಕಾದದ್ದು ಉಬ್ಬದೆ, ಸೀಳಿನಿಂದ ಹಬೆ ಹೊರಟಿತು. ಅತ್ತೆಯ ಬೆನ್ನು ಅಲ್ಲಾಡಲಿಲ್ಲ. ಅವಳಿಗೆ ಎಲ್ಲವೂ ಕೇಳುತ್ತಿದೆ ಎಂಬುದು ಆ ಬೆನ್ನು ನೋಡಿದರೇ ತಿಳಿಯುತ್ತಿತ್ತು. ಅತ್ತೆಗೆ ಎಂಬ ಮೂರು ಅಕ್ಷರ ಸುರೇಖಾಳ ನಾಲಿಗೆಯವರೆಗೆ ಬಂತು. ಅದು ಬಾಯಿಂದ ಬಿದ್ದರೆ ಈ ತಿಂಗಳಿಡೀ, ಇನ್ನೆಷ್ಟೋ ವರ್ಷ, ಮನೆಯಲ್ಲಿ ತಾನು ಕೇಳಬೇಕಾದ ಮಾತುಗಳೂ ಅದರ ಹಿಂದೆಯೇ ಸಾಲುಗಟ್ಟಿ ಬಂದವು.

"ಕಾವೇರಿಗೆ," ಅಂದಳು. "ಥಂಡಿಗೆ ಹಸಿವಿ ಹೆಚ್ಚಾಗೇತಿ ಆಕಿಗೆ."

ಆ ರೊಟ್ಟಿಯನ್ನು ಎತ್ತಿ, ಮುರಿದು, ಮಗಳ ತಾಟಿನಲ್ಲಿದ್ದ ರೊಟ್ಟಿಯ ಮೇಲೆ ಹಾಕಿದಳು. ಹಾಕುವಾಗ ಮಗಳ ಮುಖ ನೋಡಲಿಲ್ಲ. ಮುತ್ತು ಹಗುರಾಗಿ ಕೂತ. ಭೌರಮ್ಮ ಮೂಗು ಮುರಿದು ಉಪ್ಪಿಟ್ಟು ಬಡಿಸತೊಡಗಿದಳು. ಎರಡೂ ಕಡೆ ತಾಟುಗಳ ಸಪ್ಪಳವಾಯಿತು. ಶೇಂಗಾ ಚಟ್ನಿಯ ಡಬ್ಬಿ ತೆರೆದುಕೊಂಡಿತು.

ಕಾವೇರಿ ತನ್ನ ತಾಟು ಹಿಡಿದು ಎದ್ದಳು. ಸುರೇಖಾ ಅವಳ ಲಂಗದ ಅಂಚು ಹಿಡಿಯಲು ಹೋದಳು. ಹಿಟ್ಟು ಮೆತ್ತಿದ ಬೆರಳು ಜಾರಿತು. ಹುಡುಗಿ ಒಲೆ ದಾಟಿ, ಗಾಡಿ ದಾಟಿ, ದೊಡ್ಡಪ್ಪನ ಕಾಲ ಮುಂದಿನಿಂದಲೇ ನಡೆದು ಗೋಡೆಯ ಹತ್ತಿರ ಹೋದಳು. ತಾಟನ್ನು ಗೋಡೆಯ ಮೇಲಿಟ್ಟು, ಆಯಿಯ ಮುಖ ಕಾಣುವ ಹಾಗೆ ಆಚೆ ಬದಿಗೆ ಸರಿದು ನಿಂತಳು. ತಾಟು ಇಟ್ಟ ಸಪ್ಪಳಕ್ಕೆ ಇಬ್ಬರು ಗಂಡಸರೂ ಕತ್ತೆತ್ತಿದರು.

"ಆಯಿ," ಅಂದಳು. ಅವಳ ದನಿ ಏರಲಿಲ್ಲ, ಆದರೆ ಅಂಗಳದಲ್ಲಿ ಅದೊಂದೇ ಕೇಳುತ್ತಿತ್ತು. "ನೀ ಖರೇನ ಉಪವಾಸ ಅದಿಯೇನ, ಇಲ್ಲಾ ಯಾರೂ ಉಣ್ಣಾಕ ಹಾಕವಲ್ರಂತ ಹಂಗಂದಿ?"