ತಾಯಂದಿರ ಕೋಣೆಯ ಕಾರ್ಡು

ವೆಬ್‌ಸೈಟಿನಲ್ಲಿ ಯಾವುದನ್ನು ಎಲ್ಲಿಟ್ಟರೆ ಜನರ ಕಣ್ಣಿಗೆ ಬೀಳುತ್ತದೆ ಎಂದು ಕಂಡುಹಿಡಿಯುವುದು ನನ್ನ ಕೆಲಸ. ಇದರಲ್ಲಿ ಮಂತ್ರ ಮಾಯ ಏನಿಲ್ಲ. ಒಂದೊಂದು ಪುಟದ ಹೆಸರನ್ನು ಒಂದೊಂದು ಕಾರ್ಡಿನ ಮೇಲೆ ಬರೆದು, ಅದನ್ನು ಬಳಸುವ ಜನರ ಮುಂದೆ ಹರಡಿ, ಯಾವುದರ ಜೊತೆ ಯಾವುದು ಹೋಗುತ್ತದೋ ನೀವೇ ರಾಶಿ ಮಾಡಿ ಎನ್ನಬೇಕು, ಅಷ್ಟೆ. ಬಳಸುವ ಜನರ ಮುಂದೆ. ಈ ಮಾತನ್ನು, ಈ ಸಲ ನನಗೆ ಕೆಲಸ ಕೊಟ್ಟಿದ್ದ ಆಸ್ಪತ್ರೆಯ ಆಡಳಿತಾಧಿಕಾರಿಗೆ ಬಾಯಿ ನೋಯುವಷ್ಟು ಸಲ ಹೇಳಿದೆ. ಎಮ್ಮೆಯ ಮೇಲೆ ಮಳೆ ಸುರಿದ ಹಾಗಾಯಿತು. ರೋಗಿಗಳಿಗೇನು ತಿಳಿಯುತ್ತದೆ, ನಮ್ಮ ವಿಭಾಗಗಳ ಮುಖ್ಯಸ್ಥರನ್ನು ಕೂರಿಸಿ ಮುಗಿಸಿಬಿಡಿ ಎಂದರು.

ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ನನ್ನ ತಂಗಿಯಿದ್ದಳು. ದಿನ ತುಂಬುವ ಮೊದಲೇ ಹುಟ್ಟಿದ ಅವಳ ಮಗು ಗಾಜಿನ ಪೆಟ್ಟಿಗೆಯಲ್ಲಿತ್ತು. ಸಿಸೇರಿಯನ್ ಆಗಿದ್ದ ಅವಳನ್ನು ಡಿಸ್ಚಾರ್ಜ್ ಮಾಡಿ ಹಾಸಿಗೆ ಬಿಡಿಸಿದ್ದರು. ಮಗುವಿಗೆ ಹೊತ್ತು ಹೊತ್ತಿಗೆ ಹಾಲು ಹಿಂಡಿ ಕೊಡಬೇಕಾದ್ದರಿಂದ ಹಗಲೂ ರಾತ್ರಿ ವಾರ್ಡಿನ ಹೊರಗಿನ ಕಬ್ಬಿಣದ ಕುರ್ಚಿಯೇ ಗತಿ. ಕೂತು ಕೂತು ಹೊಲಿಗೆಯಲ್ಲಿ ಕೀವಾಗಿತ್ತು. ಮಲಗಲೇಬೇಕು, ಇಲ್ಲದಿದ್ದರೆ ಮತ್ತೆ ಬಿಚ್ಚಿ ಹೊಲಿಯಬೇಕಾಗುತ್ತದೆ, ಮನೆಗೆ ಹೋಗು ಎಂದು ನರ್ಸ್ ಬೆಳಿಗ್ಗೆ ಗದರಿದ್ದಳು. ಮಗುವನ್ನು ಬಿಟ್ಟು ಹೋಗಲಾರೆ ಎಂದು ಇವಳ ಹಟ. ಇಲ್ಲೇ ಎಲ್ಲಾದರೂ ಮಲಗಲು ಜಾಗವಿದೆಯೇ ಎಂದು ವಿಚಾರಣೆಯ ಕೌಂಟರಿನಲ್ಲಿ ಕೇಳಿದರೆ, ಎಲ್ಲ ವೆಬ್‌ಸೈಟಿನಲ್ಲಿದೆ, ನೋಡಿಕೊಳ್ಳಿ ಎಂದರು. ನೋಡಿದೆವು. ‘ತಾಯಿ ಮತ್ತು ಮಗು’ ಎಂಬಲ್ಲಿ ಆಸ್ಪತ್ರೆಯ ನಿರ್ದೇಶಕರು ನಗುತ್ತ ನಿಂತ ಫೋಟೋ ಮಾತ್ರ ಇತ್ತು.

ಅವತ್ತಿನ ಸಭೆಗೆ ವಿಭಾಗಗಳ ಮುಖ್ಯಸ್ಥರು ತಮ್ಮ ತಮ್ಮ ಕಾರ್ಡುಗಳನ್ನು ತಾವೇ ಬರೆದುಕೊಂಡು ಬಂದಿದ್ದರು. ಬಂದವರೇ, ತಮ್ಮದನ್ನು ಇನ್ನೊಬ್ಬರು ಮುಟ್ಟದ ಹಾಗೆ ಮುಂದೆ ಗುಡ್ಡೆ ಹಾಕಿಕೊಂಡು ಕೂತರು. ಹೆಣ ಒಯ್ಯುವ ವಾಹನದ ಕಾರ್ಡನ್ನು ಸಾರಿಗೆಯವರು ಪಾರ್ಕಿಂಗ್ ಜೊತೆ ಇಟ್ಟರು. ಅದೂ ಗಾಡಿ ತಾನೇ, ನಮ್ಮದೇ ಎಂದರು. ನಾನು ಹಲ್ಲು ಕಚ್ಚಿಕೊಂಡು ಬರೆದುಕೊಳ್ಳುತ್ತಿದ್ದೆ. ಕಟ್ಟಡ ವಿಭಾಗದ ಮುಖ್ಯಸ್ಥರು ಲಿಫ್ಟ್ ರಿಪೇರಿಗೂ ನೀರಿನ ಟ್ಯಾಂಕಿಗೂ ನಡುವೆ ಒಂದು ಕಾರ್ಡು ಸಿಕ್ಕಿಸಿದರು. ‘ತಾಯಂದಿರು ತಂಗುವ ಕೋಣೆ’.

“ಇದು ನಿಜವಾಗ್ಲೂ ಇದೆಯಾ ಸಾರ್?”

“ಯಾಕಿಲ್ಲ? ಹಿಂದಿನ ಬ್ಲಾಕಲ್ಲಿ. ಹೊಸ ಹಾಸಿಗೆ, ಬಿಸಿನೀರು, ಎಲ್ಲಾ ಇದೆ. ಇಲ್ಲೀವರೆಗೆ ಒಬ್ರೂ ಕೇಳ್ಕೊಂಡು ಬಂದಿಲ್ಲ ನೋಡಿ. ಸೌಲಭ್ಯ ಕೊಟ್ರೂ ಜನಕ್ಕೆ ಬೇಡ.”

ನನ್ನ ಮೈಯೆಲ್ಲ ಹೊತ್ತಿ ಉರಿಯಿತು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ; ಈ ಮಹಾಶಯರು ಕೊಟ್ಟೆ ಎಂದು ಬೀಗುತ್ತಲೇ ಬೀಗ ಹಾಕಿ ಕೂತಿದ್ದರು. ಇದು ‘ತಾಯಿ ಮತ್ತು ಮಗು’ ಜೊತೆ ಯಾಕಿಲ್ಲ ಎಂದು ಕೇಳಿದೆ. ಮಗುವಿಗೆ ತಿಳಿಹೇಳುವ ಹಾಗೆ ವಿವರಿಸಿದರು: ಕೋಣೆಯ ಬಲ್ಬು, ನಲ್ಲಿ, ಗುಡಿಸುವುದು, ಎಲ್ಲ ಅವರ ವಿಭಾಗದ್ದು, ಆದ್ದರಿಂದ ಕೋಣೆಯೂ ಅವರದು. ನರ್ಸುಗಳಿಗೆ ಹೇಳುವುದು ತಮ್ಮ ಕೆಲಸವಲ್ಲ, ವೆಬ್‌ಸೈಟಿನಲ್ಲಿ ಹಾಕಿದ್ದೇವಲ್ಲ ಎಂದರು.

“ಹೆತ್ತವಳು ಲಿಫ್ಟ್ ರಿಪೇರಿ ಪುಟದಲ್ಲಿ ಹಾಸಿಗೆ ಹುಡುಕ್ತಾಳಾ ಸಾರ್? ಏಳಿ, ಬೀಗದ ಕೈ ತಗೊಳ್ಳಿ.”

ಮೊದಲು ರಾಶಿ ಮುಗಿಯಲಿ ಎಂದು ಆಡಳಿತಾಧಿಕಾರಿ ರಾಗ ಎಳೆದರು. ನಿಮ್ಮ ರಾಶಿಗೆ ಬೆಂಕಿ ಬೀಳಲಿ ಎಂದೆ. ಕೆಲಸ ಹೋದರೆ ಹೋಗಲಿ ಅನ್ನಿಸಿತು.

ಕಟ್ಟಡ ವಿಭಾಗದ ಮುಖ್ಯಸ್ಥರನ್ನು ಬೀಗದ ಕೈ ಸಮೇತ ಹೊರಡಿಸಿ, ಮೇಲಿನ ಮಹಡಿಯಿಂದ ತಂಗಿಯನ್ನು ಕರೆದೆ. ಅವಳು ಗೋಡೆ ಹಿಡಿದುಕೊಂಡು ನಡೆದು ಬಂದಳು. ವಿಷಯ ಕಿವಿಗೆ ಬಿದ್ದು, ಅಕ್ಕಪಕ್ಕದ ಕುರ್ಚಿಗಳಲ್ಲಿದ್ದ ಬಾಣಂತಿಯರೂ ಎದ್ದು ಬಂದರು. ಬಾಗಿಲು ತೆರೆಯಿತು. ಸಾಲಾಗಿ ಹಾಸಿಗೆಗಳು, ಅವುಗಳ ಮೇಲೆ ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಇನ್ನೂ ಹಾಗೇ ಇತ್ತು. ತಂಗಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಿಂತೇ ಇದ್ದಳು.

“ಅಣ್ಣಾ, ನಂಗೆ ಕೀವಾಯ್ತಲ್ಲ, ಅವತ್ತೂ ಇದು ಖಾಲಿ ಇತ್ತಾ?”

ಮುಖ್ಯಸ್ಥರು ನನ್ನ ಮುಖ ನೋಡಿದರು. ನೀವೇ ಹೇಳಿ ಎಂದೆ.

“ಖಾಲೀನೇ ಇತ್ತಮ್ಮ,” ಎಂದರು.

ಅಷ್ಟರಲ್ಲಿ ಇನ್ನೊಬ್ಬ ಬಾಣಂತಿ ಯಾರನ್ನೂ ಕೇಳದೆ, ಹತ್ತಿರದ ಹಾಸಿಗೆಯ ಪ್ಲಾಸ್ಟಿಕ್ಕನ್ನು ಪರಪರ ಹರಿಯತೊಡಗಿದಳು.