ಕೈ ಬದಲಿಸಿದಲ್ಲಿಗೆ ಗೂಟ

ಸೇಸಮ್ಮ ದೊಡ್ಡಮ್ಮ ಎಡಕ್ಕೆ ವಾಲಿಕೊಂಡು ನಡೆಯುತ್ತಾರೆ. ದೂರದಿಂದ ನೋಡಿದವರು ಸೊಂಟನೋವು ಅಂದುಕೊಳ್ಳಬಹುದು, ನೋವಲ್ಲ. ಬಲಗೈಯಲ್ಲಿ ತುಂಬಿದ ಬಾಲ್ದಿ ಇದ್ದಾಗ ಮೈ ಎಡಕ್ಕೆ ಬಾಗಲೇಬೇಕು, ಹಾಗೆ ನಲವತ್ತು ವರ್ಷ ಬಾಗಿದ ಮೈ ಈಗ ಬಾಲ್ದಿ ಇಲ್ಲದಾಗಲೂ ನೆಟ್ಟಗಾಗಲು ಒಪ್ಪುವುದಿಲ್ಲ. ರೇಷ್ಮೆ ಸೀರೆಯುಟ್ಟು ಮದುವೆಗೆ ಬಂದರೂ ಅವರ ಬಲಗೈ ಮೈಯಿಂದ ನಾಲ್ಕು ಬೆರಳು ದೂರದಲ್ಲೇ ನಿಂತಿರುತ್ತದೆ, ನೆರಿಗೆಗೆ ನೀರು ಚೆಲ್ಲಬಾರದೆಂಬಂತೆ.

ವಾಮದಪದವಿನ ಮನೆಯಲ್ಲಿ ಅವರ ವೇಷ ಬೇರೆ. ಸೀರೆಯ ಮೇಲೆ ಜತ್ತಪ್ಪ ದೊಡ್ಡಪ್ಪನ ಹಳೆಯ ಅಂಗಿ. ದೊಡ್ಡಪ್ಪ ತೀರಿಕೊಂಡು ಒಂಬತ್ತು ವರ್ಷವಾಯಿತು, ಕಾಲರು ಹರಿಯಿತು, ಗುಂಡಿಗಳ ಜಾಗಕ್ಕೆ ಪಿನ್ನು ಬಂತು. ಅಂಗಿ ಮಾತ್ರ ಹೋಗಲಿಲ್ಲ. ನೆನಪಿಗಾ ಎಂದು ಒಮ್ಮೆ ಕೇಳಿದ್ದೆ. "ಕಿಸೆಗೆ ಮಾರಾಯ್ತಿ! ಸೀರೆಗೆ ಕಿಸೆ ಉಂಟಾ?" ಎಂದಿದ್ದರು. ಆ ಕಿಸೆಯಲ್ಲಿ ಹಳೆಯ ಕ್ಯಾಲೆಂಡರಿನ ಹಾಳೆಯಲ್ಲಿ ಕಟ್ಟಿದ ಬೀಜದ ಪೊಟ್ಟಣಗಳು. ಯಾವುದರ ಮೇಲೂ ಹೆಸರಿಲ್ಲ. ಪೊಟ್ಟಣವನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಕಣ್ಣು ಮುಚ್ಚಿ ಹೇಳುತ್ತಾರೆ: "ಇದು ಬೆಂಡೆ. ಇದು ಹೀರೆ. ಇದು ಅಲಸಂಡೆ, ಆದರೆ ಹಳತು."

ನನ್ನ ಬಾಲ್ಯದ ಬೇಸಗೆಗಳೆಲ್ಲ ಅವರ ತರಕಾರಿ ಗದ್ದೆಯಲ್ಲಿ ಕಳೆದವು. ಮೂಡುಬಿದಿರೆಯಿಂದ ಬಸ್ಸು ಹತ್ತಿ ರಜೆಗೆ ಬಂದವಳು ಮೊದಲು ಓಡುತ್ತಿದ್ದುದು ಅಲ್ಲಿಗೆ. ಭತ್ತ ಕೊಯ್ದ ಗದ್ದೆಯಲ್ಲಿ ದೊಡ್ಡಪ್ಪ ಹಗ್ಗ ಹಿಡಿದು ಸಾಲು ಎಳೆಯುತ್ತಿದ್ದರು. ಅರವತ್ತು ಬುಡ ಸೌತೆ, ಅಂಚಿನಲ್ಲಿ ಹರಿವೆ, ಬೇಲಿಗೆ ಹಾಗಲ. ಸಾಲು ಎಳೆದಲ್ಲಿಗೆ ಅವರ ಯೋಜನೆ ಪೂರ್ತಿಯಾಯಿತು. ಮೂಲೆಯ ಹೊಂಡದಿಂದ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅರವತ್ತು ಬುಡಕ್ಕೂ ನೀರು ಹೊರುವುದು ಯೋಜನೆಯಲ್ಲಿ ಸೇರಿರಲಿಲ್ಲ, ಸೂರ್ಯ ಹುಟ್ಟುವುದನ್ನು ಯಾರೂ ಯೋಜನೆಯಲ್ಲಿ ಸೇರಿಸದ ಹಾಗೆ. ನಾನು ಬದುವಿನ ಮೇಲೆ ಕೂತು ಎಳೆ ಮುಳ್ಳುಸೌತೆಗೆ ಉಪ್ಪು ಹಚ್ಚಿ ತಿನ್ನುತ್ತಿದ್ದೆ. ಒದ್ದೆ ಮಣ್ಣಿನ ಆ ವಾಸನೆ ಈಗಲೂ ಮೂಗಿನಲ್ಲಿದೆ. ಬಾಳೆನಾರಿನಲ್ಲಿ ಕಟ್ಟಿ ಚಾವಡಿಯ ಮಾಡಿನಿಂದ ಇಳಿಬಿಟ್ಟ ಸೌತೆಕಾಯಿಗಳನ್ನು ನೋಡಿ ಬಂದವರೆಲ್ಲ, "ಜತ್ತಪ್ಪಣ್ಣನ ಸೌತೆ ಅಂದರೆ ಸೌತೆ" ಎನ್ನುತ್ತಿದ್ದರು. ದೊಡ್ಡಮ್ಮ ಮಜ್ಜಿಗೆ ಕೊಟ್ಟು ಒಳಗೆ ಹೋಗುತ್ತಿದ್ದರು. ಏಳನೆಯ ಕ್ಲಾಸಿನಲ್ಲಿ ನಾನು 'ನಮ್ಮ ದೊಡ್ಡಪ್ಪನ ತರಕಾರಿ ಗದ್ದೆ' ಎಂದು ಪ್ರಬಂಧ ಬರೆದು ಸ್ಟೀಲಿನ ತಟ್ಟೆಯೊಂದನ್ನು ಬಹುಮಾನವಾಗಿ ಪಡೆದೆ. ದೊಡ್ಡಮ್ಮ ಅದರ ಒಂದು ವಾಕ್ಯದಲ್ಲೂ ಇರಲಿಲ್ಲ.

ಕಳೆದ ದೀಪಾವಳಿಯ ಮರುವಾರ ಹೋಗಿದ್ದಾಗ ಅವರ ಮಗ ನಿತೇಶ್ ಗ್ರಾಫ್ ಹಾಳೆ ಹರಡಿಕೊಂಡು ಕೂತಿದ್ದ. ಅವನದ್ದು ಮನೆಗಳಿಗೆ ವಯರಿಂಗ್ ಮಾಡುವ ಕೆಲಸ, ಗೆರೆಗಳೆಲ್ಲ ನೇರ. ಮನೆಯ ಹಿಂದಿನಿಂದ ಗುಡ್ಡೆ ಬದಿಯ ಪಾಗಾರದ ಗೋಡೆಯವರೆಗೆ ಎಂಬತ್ತು ಬುಡ ತರಕಾರಿ, ಬಣ್ಣದ ಪೆನ್ಸಿಲಿನಲ್ಲಿ. ಅವನ ಹೆಂಡತಿ ಭವ್ಯಶ್ರೀ ಬೆಳ್ತಂಗಡಿಯ ಕಡೆ ಶಾಲೆಯಲ್ಲಿ ಟೀಚರ್, ಬೆಳಿಗ್ಗೆ ಎಂಟರ ಬಸ್ಸು. ಅವಳು ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದಳು.

"ಹೇಗುಂಟಮ್ಮ?" ಎಂದ ನಿತೇಶ್.

"ಚಂದ ಉಂಟು. ನೀರು ಹಾಕುವುದು ಯಾರು?"

"ಪೈಪ್ ಉಂಟಲ್ಲ."

"ಪೈಪಿಗೆ ಕಾಲು ಉಂಟಾ ಮಾರಾಯ? ಎಳೆದುಕೊಂಡು ಹೋಗುವವರು ಯಾರು ಅಂತ ಕೇಳಿದ್ದು."

ನಿತೇಶನ ಕಣ್ಣು ತಾನಾಗಿ ಅಡುಗೆಮನೆಯ ಬಾಗಿಲಿಗೆ ಹೋಯಿತು. "ಭವ್ಯನಿಗೂ ಗಿಡ ಅಂದರೆ ಇಷ್ಟವೇ."

"ನನಗೂ ಇಷ್ಟವೇ ಇತ್ತು," ಎಂದರು ದೊಡ್ಡಮ್ಮ. ಒಳಗೆ ಕಾಯಿ ತುರಿಯುವ ಸದ್ದು ನಿಂತಿತು.

ಆಮೇಲೆ ಅವರು ಮಗನನ್ನು ಹಿತ್ತಲಿಗೆ ಕರೆದೊಯ್ದು, ಬಟ್ಟೆ ಒಗೆಯುವ ಕಲ್ಲಿನ ಬಳಿಯ ನಳ್ಳಿಯಲ್ಲಿ ಬಾಲ್ದಿ ತುಂಬಿಸಲು ಹೇಳಿದರು. "ಗುಡ್ಡೆ ಕಡೆಗೆ ನಡೆ. ಹಾಳೆಯಲ್ಲಿ ಬೇಡ, ಕಾಲಿನಲ್ಲಿ ಅಳೆಯುವ." ನಿತೇಶ್ ನಗುತ್ತಾ ಹೊರಟ. ಇಪ್ಪತ್ತೆರಡನೆಯ ಹೆಜ್ಜೆಗೆ, ತನಗೇ ತಿಳಿಯದೆ, ಬಾಲ್ದಿಯನ್ನು ಬಲಗೈಯಿಂದ ಎಡಗೈಗೆ ಬದಲಿಸಿದ.

"ನಿಲ್ಲು! ಕೈ ಬದಲಿಸಿದಲ್ಲಿಗೆ ಗೂಟ."

"ಅಮ್ಮಾ, ಇನ್ನೂ ಅರ್ಧ ಜಾಗ ಉಂಟು!"

"ಹೌದೌದು. ಇದು ಗಂಡಸಿನ ಕೈ ಬೇರೆ. ಗೂಟ ನಾಲ್ಕು ಹೆಜ್ಜೆ ಹಿಂದೆ ಹಾಕು."

ಬಾಗಿಲಲ್ಲಿ ನಿಂತಿದ್ದ ಭವ್ಯಶ್ರೀ ಕಾಯಿತುರಿ ಅಂಟಿದ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು.

"ಮತ್ತೆ ಆಚೆಯ ಜಾಗ?"

"ಆಚೆ ನೀನು ನೆಡು, ನೀನೇ ನೀರು ಹಾಕು. ಇವಳು ಗೂಟ ದಾಟಿ ಬಾಲ್ದಿ ತಂದರೆ ನಾನು ಬಳ್ಳಿ ಕಿತ್ತು ಬಿಸಾಡ್ತೇನೆ."

ಒಂದು ಹರಿವೆ ದಂಟನ್ನೂ ಬೇರು ಸಮೇತ ಕೀಳದೆ, ತುದಿ ಚಿವುಟಿ ಮತ್ತೆ ಚಿಗುರಲು ಬಿಡುತ್ತಿದ್ದ ಹೆಂಗಸು ಈ ಮಾತು ಹೇಳಿದರು. ಈ ಅಳತೆಯನ್ನು ಎಲ್ಲಿ ಕಲಿತಿರಿ ಎಂದು ಕೇಳಿದೆ. "ಎಲ್ಲಿಂದ ಕಲಿಯುವುದು? ನನಗೆ ಯಾರೂ ಗೂಟ ಹಾಕಿ ಕೊಡಲಿಲ್ಲ," ಎಂದು ಅಂಗಿಯ ಕಿಸೆಗೆ ಕೈ ಹಾಕಿದರು.

ಗೂಟದ ಈಚೆ ಅವರು ಎಣಿಸಿ ನೆಟ್ಟದ್ದು ಇಷ್ಟೇ: ಒಗೆಯುವ ಕಲ್ಲಿನ ನೀರು ಹರಿಯುವಲ್ಲಿ ಒಂದು ಬಸಳೆ, ಹತ್ತು ಬುಡ ಅಲಸಂಡೆ, ಎರಡು ಸಾಲು ಬೆಂಡೆ. ಗೂಟದ ಆಚೆ ನಿತೇಶ್ ಎಂಟು ಬುಡ ಸೌತೆ ಹಾಕಿದ. ಜನವರಿಯಲ್ಲಿ ಕಲ್ಲಡ್ಕದಲ್ಲಿ ಕೆಲಸವೆಂದು ಮೂರು ದಿನ ಅಲ್ಲೇ ಉಳಿದ, ಬಳ್ಳಿ ಬಾಡತೊಡಗಿತು. ತಡೆಯಲಾಗದೆ ಭವ್ಯಶ್ರೀ ಬಾಲ್ದಿ ಎತ್ತಿದಳಂತೆ. ಜಗಲಿಯಿಂದ "ಭವ್ಯಾ" ಎಂದು ಅತ್ತೆಯ ಒಂದೇ ಕರೆ, ಬಾಲ್ದಿ ಕೆಳಗಿಟ್ಟಳಂತೆ. "ಅತ್ತೆ ಆ ಮೂರು ದಿನ ಹಿತ್ತಲಿಗೆ ಬೆನ್ನು ಹಾಕಿ ಕೂತಿದ್ದರು, ಗೊತ್ತುಂಟಾ? ಸರಿಯಾಗಿ ಊಟವೂ ಮಾಡಲಿಲ್ಲ," ಎಂದು ಅವಳು ನನಗೆ ಆಮೇಲೆ ಹೇಳಿದಳು. ಐದು ಬುಡ ಸತ್ತವು. ಉಳಿದ ಮೂರಕ್ಕೆ ನಿತೇಶ್ ಒಂದು ಹೊತ್ತೂ ತಪ್ಪದೆ ನೀರು ಹೊತ್ತ.

ಮೊನ್ನೆ ಬಿಸು ಹಬ್ಬದ ಬೆಳಿಗ್ಗೆ ನಾನು ಹೋದಾಗ ದೇವರ ಮುಂದಿಟ್ಟ ಕಣಿಯಲ್ಲಿ ಅಕ್ಕಿ, ತೆಂಗಿನಕಾಯಿ, ಕನ್ನಡಿಯ ನಡುವೆ ಅವನ ಒಂದು ಸೌತೆಕಾಯಿ ಇತ್ತು, ಸ್ವಲ್ಪ ಸೊಟ್ಟ. ಇನ್ನೊಂದು ಮಾಡಿನಿಂದ ತೂಗುತ್ತಿತ್ತು. ನೆರೆಮನೆಯವರು ತಲೆಯೆತ್ತಿ, "ಸೇಸಕ್ಕನ ಸೌತೆಯಾ?" ಎಂದರು.

"ಅಲ್ಲಪ್ಪ, ನಿತೇಶನ ಸೌತೆ. ನೀರು ಅವನೇ ಹೊತ್ತದ್ದು," ಎಂದರು ದೊಡ್ಡಮ್ಮ. ಈ ಸಲ ಅವರು ಒಳಗೆ ಹೋಗಲಿಲ್ಲ. ಅಲ್ಲೇ ಕೂತು ತಾವೂ ತಲೆಯೆತ್ತಿ ನೋಡಿದರು.

ನೆಲದ ಜೊತೆ ಬಾಳಿದ ಇಂಥ ಹೆಂಗಸರನ್ನು ನಾವು ಅವರು ಬೆಳೆಸಿ ಬಡಿಸಿದ್ದರಿಂದ ನೆನೆಯುತ್ತೇವೆ, ಕಣ್ಣು ತುಂಬಿಕೊಂಡು ನೆನೆಯುತ್ತೇವೆ. ಅವರು ತಮ್ಮ ಸೊಸೆಯಂದಿರಿಗೆ ಬೀಜವನ್ನಷ್ಟೇ ದಾಟಿಸಿ ಹೋಗಿದ್ದರೆ ನಮ್ಮ ಆ ನೆನಪಿಗೆ ಏನೂ ಕೊರತೆಯಾಗುತ್ತಿರಲಿಲ್ಲ. ಅವರಲ್ಲಿ ಕೆಲವರು, ತಮ್ಮ ಪ್ರಾಣದಂಥ ಬಳ್ಳಿ ಒಣಗುವುದನ್ನು ಬೆನ್ನು ಹಾಕಿ ಸಹಿಸಿಯಾದರೂ, ತಮಗೆ ಯಾರೂ ಹಾಕಿ ಕೊಡದ ಗೂಟವನ್ನು ಹಿಂದೆ ಬರುವವಳಿಗೆ ಹಾಕಿಕೊಡುತ್ತಾರೆ. ಆಮೇಲೆ ಎದ್ದು, ವಾಲಿದ ಮೈಯಲ್ಲೇ, ಇನ್ನೊಂದು ಕೆಲಸಕ್ಕೆ ನಡೆಯುತ್ತಾರೆ.