ಮೊಗ್ಗಿನ ಜಡೆಯ ಫೋಟೋ

ಮೊಗ್ಗು ಮೊಗ್ಗಾಗಿರುವಾಗಲೇ ಫೋಟೋ ತೆಗೆಸಬೇಕು. ಇಷ್ಟು ಸಣ್ಣ ವಿಷಯ ಓದಿದ ಅಳಿಯನ ತಲೆಗೆ ಹೋಗುವುದಿಲ್ಲವೆಂದರೆ ಗುಂಡಮ್ಮ ಯಾರ ಹತ್ತಿರ ಹೇಳಿಕೊಳ್ಳಬೇಕು?

ಬಸುರಿ ಮಗಳು ಅನಂತಲಕ್ಷ್ಮಿಗೆ ಮೊಗ್ಗಿನ ಜಡೆ ಹಾಕಿ, ಬೆನ್ನ ಹಿಂದೆ ಕನ್ನಡಿ ಇಡಿಸಿ, ಗಂಡನ ಪಕ್ಕ ನಿಲ್ಲಿಸಿ ಫೋಟೋ ತೆಗೆಸಬೇಕೆಂದು ಅವಳಿಗೆ ಬಹಳ ಆಸೆ. ತನ್ನ ಬಸುರಿನ ಕಾಲಕ್ಕೆ ಮುಳಬಾಗಿಲಿಗೆ ಸ್ಟುಡಿಯೋ ಬಂದಿರಲಿಲ್ಲ. ಈಗ, ಎಪ್ಪತ್ತಾರನೇ ಇಸವಿಯಲ್ಲಿ, ಬಸ್‌ಸ್ಟ್ಯಾಂಡಿನ ಹತ್ತಿರವೇ ಒಂದಿತ್ತು.

ಹೂವಿನ ಮುನಿಯಲ್ಲಮ್ಮ ಬೆಳಿಗ್ಗೆ ತಂದುಕೊಟ್ಟ ಮಲ್ಲಿಗೆ ಮೊಗ್ಗನ್ನು ಬಾಳೆಪಟ್ಟೆಗೆ ಹೊಲಿದು ಜಡೆ ಮಾಡಿದ್ದಾಯಿತು. ಬಾಳೆಲೆಯಲ್ಲಿ ಸುತ್ತಿ, ಒದ್ದೆ ಪಂಚೆ ಹೊದಿಸಿ, ನೀರಿನ ಮಡಕೆಯ ಪಕ್ಕ ತಣ್ಣನೆ ನೆಲದ ಮೇಲಿಟ್ಟಳು. ನೀರು ಹೆಚ್ಚಾದರೆ ಕಂದುತ್ತದೆ, ಕಮ್ಮಿಯಾದರೆ ಬಾಡುತ್ತದೆ, ಮುಡಿಸಿಬಿಟ್ಟರೆ ತಲೆಯ ಕಾವಿಗೆ ಅರಳಿಯೇ ಹೋಗುತ್ತದೆ. ಹೊರಡುವ ಹೊತ್ತಿಗೇ ಮುಡಿಸಬೇಕು.

ಹೊರಡಬೇಕಲ್ಲ!

ಮಾಲೂರಿನಿಂದ ಬಂದ ಅಳಿಯ ಪ್ರಹ್ಲಾದ ಊಟ ಮಾಡಿದ. ಮಲಗಿದ. ಎದ್ದು ಕಾಫಿ ಕುಡಿದ, ಇನ್ನೊಂದು ಕಾಫಿ ಕೇಳಿದ. ಆಮೇಲೆ ಜನ್ಮದಲ್ಲಿ ಪೇಪರ್ ಕಾಣದವನ ಹಾಗೆ ಪೇಪರ್ ಹಿಡಿದು ಕೂತ. ಅಳಿಯನೆದುರು ಅತ್ತೆ ನಿಂತು ಮಾತಾಡುವ ರೂಢಿ ಆ ಮನೆಯಲ್ಲಿರಲಿಲ್ಲ. ಗುಂಡಮ್ಮ ಬಾಗಿಲ ಮರೆಯಿಂದಲೇ ಗಂಡ ರಾಮಚಂದ್ರನನ್ನು ಕರೆದಳು.

"ಏನೂಂದ್ರೆ, ಹೊತ್ತಾಯ್ತು ಅಂತ ಅಳಿಯಂದಿರಿಗೆ ಹೇಳ್ರೀ."

"ಅವರೇ ಏಳ್ತಾರೆ ಬಿಡೇ," ಎಂದ ಅವನು, ಪೇಪರಿನ ಅರ್ಧ ಹಾಳೆ ತಾನೂ ಇಸಕೊಂಡ.

ಇವರ ಪೇಪರಿಗಿಷ್ಟು ಬೆಂಕಿ ಬೀಳ! ಗುಂಡಮ್ಮ ಮತ್ತೆ ಪಂಚೆ ಎತ್ತಿ ನೋಡಿದಳು. ಜಡೆಯ ತುದಿಯಲ್ಲಿ ಅರಳಲು ಶುರುವಾಗಿತ್ತು. ಘಮ ಅಡಿಗೆಮನೆ ತುಂಬಿತ್ತು, ಆ ಘಮಕ್ಕೇ ಅವಳಿಗೆ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ಅಳಿಯ, "ಶೇವಿಂಗ್‌ಗೆ ಸ್ವಲ್ಪ ಬಿಸಿನೀರು ಸಿಗುತ್ತಾ ಮಾವ?" ಎಂದ.

ಗುಂಡಮ್ಮ ಎಲೆ ಸಮೇತ ಜಡೆ ಎತ್ತಿಕೊಂಡು ನಡುಮನೆಗೆ ಬಂದು ಅವನೆದುರೇ ನಿಂತಳು.

"ನೋಡಿ! ಬೆಳಗಿಂದ ಎಳೇ ಮಗು ಥರ ಕಾಯ್ತಾ ಇದೀನಿ ಇದನ್ನ. ಒಂದು ಫೋಟೋಗೆ ನಿಲ್ಲೋಕೆ ನಿಮ್ಮ ಗಂಟೇನು ಹೋಗುತ್ತೆ?"

"ಲೇ, ಲೇ," ಎಂದು ರಾಮಚಂದ್ರ ಗಾಬರಿಯಿಂದ ಎದ್ದ. ಪ್ರಹ್ಲಾದ ಪೇಪರ್ ಮಡಿಸಿ ಪಕ್ಕಕ್ಕಿಟ್ಟ.

"ಅರಳಿ ಹೋಗ್ಲಿ ಅಂತಾನೇ ಕೂತಿದ್ದೆ ಅತ್ತೆ," ಎಂದ, ದನಿ ತಗ್ಗಿಸಿ. "ನಮ್ಮಕ್ಕನಿಗೂ ಹೀಗೇ ತೆಗೆಸಿದ್ರು. ಮನೇಲಿ ಅವಳದು ಅಂತ ಉಳಿದಿರೋದು ಅದೊಂದೇ ಫೋಟೋ."

ಆ ಅಕ್ಕ ಚೊಚ್ಚಲ ಹೆರಿಗೆಯಲ್ಲಿ ಹೋದದ್ದು ಗುಂಡಮ್ಮನಿಗೆ ಗೊತ್ತಿತ್ತು. ಬೀಗರ ಮನೆಯಲ್ಲಿ ಹಾರ ಹಾಕಿದ ಆ ಫೋಟೋವನ್ನೂ ನೋಡಿದ್ದಳು. ಕನ್ನಡಿಯಲ್ಲಿ ಕಾಣುವ ಜಡೆಯನ್ನು ಹೊಗಳಿ, ನನ್ನ ಮಗಳಿಗೂ ಇಂಥದ್ದೇ ತೆಗೆಸಬೇಕು ಎಂದು ಬೀಗಿತ್ತಿಯ ಮುಂದೆಯೇ ಅಂದುಬಿಟ್ಟಿದ್ದಳು.

"ಮೊದಲೇ ಹೇಳೋಕೇನಾಗಿತ್ತು ನಿಮಗೆ?" ಎಂದಳು. ಕೋಪ ಇಳಿದಿರಲಿಲ್ಲ, ಕಣ್ಣೀರೂ ನಿಲ್ಲಲಿಲ್ಲ.

"ಬಸುರಿ ಮುಂದೆ ಹೇಗೆ ಹೇಳ್ಲಿ?"

ಹಿತ್ತಿಲ ಕೋಣೆಯಿಂದ ಅನಂತಲಕ್ಷ್ಮಿ ಕೂಗಿದಳು: "ಅಮ್ಮ, ಸೀರೆ ಉಟ್ಟಾಯ್ತು! ಜಡೆ ತರ್ತೀಯಾ?"

ಗುಂಡಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ಫೋಟೋ ಬೇಡ ಕಣೇ," ಎಂದಳು. "ಹೂವೆಲ್ಲ ಅರಳಿ ಹೋಯ್ತು. ನಾನೇ ಸರಿಯಾಗಿ ಇಡ್ಲಿಲ್ಲ."